ರಾಜನ ಮೇಲೆ ಕೂತ ನೊಣ

ನನ್ನ ಎಡಗೆನ್ನೆ ಬಲಗೆನ್ನೆಗಿಂತ ಒಂದು ಕಡ್ಡಿಯಷ್ಟು ದಪ್ಪ. ಕ್ಷೌರದವನು ಪ್ರತಿ ಸಲವೂ ಕತ್ತಿ ತಡೆದು, ಹಲ್ಲು ನೋವೇ ಎಂದು ಕೇಳುತ್ತಾನೆ. ಹಲ್ಲಲ್ಲ, ವಿದ್ಯಾಭ್ಯಾಸ ಎನ್ನುತ್ತೇನೆ. ನಾನು ಚದುರಂಗ ಕಲಿತದ್ದು ಆ ಕೆನ್ನೆಯಿಂದ. ಕಲಿಸಿದವರದು ಬಲಗೈ ವಾಟ. ಎದುರಿಗೆ ಕೂತವನಿಗೆ ಬಲಗೈಯಲ್ಲಿ ಬಾರಿಸಿದರೆ ಅದು ಎಡಗೆನ್ನೆಗೇ ಬೀಳುತ್ತದೆ. ಇದು ನನಗೆ ಆ ಆಟದಲ್ಲಿ ಮೊದಲು ಅರ್ಥವಾದ ನಿಯಮ. ಮೂರು ವರ್ಷದಲ್ಲಿ ಅವರ ಕೈಯಿಂದ ಬಲಗೆನ್ನೆಗೆ ಬಿದ್ದದ್ದು ಒಂದೇ ಒಂದು ಏಟು.

ಹೋದ ತಿಂಗಳು ಅವರು ತೀರಿಕೊಂಡರು. ಎಡಗೆನ್ನೆಯ ಏಟುಗಳನ್ನು ಹಿಡಿದು ಬರೆಯಲು ಹೊರಟರೆ ಕಾಗದ ಸಾಲದು. ಬಲಗೆನ್ನೆಯ ಒಂದನ್ನಾದರೂ ಬರೆದಿಡೋಣ ಎಂದು ಕೂತಿದ್ದೇನೆ.

ಹೆಸರು ಬರೆಯುವುದಿಲ್ಲ. ಕೊಳ್ಳೇಗಾಲದಲ್ಲಿ ಅವರನ್ನು ಎಲ್ಲರೂ ಲಾಳದಣ್ಣ ಎನ್ನುತ್ತಿದ್ದರು. ಗಾಡಿ ಅಡ್ಡೆಯ ಮೂಲೆಯ ಹುಣಸೆಮರದ ಕೆಳಗೆ ಎತ್ತುಗಳಿಗೆ ಲಾಳ ಕಟ್ಟುವುದು ಅವರ ಕೆಲಸ. ಬಂಡಳ್ಳಿಯಿಂದ, ಹನೂರಿನಿಂದ, ಆ ಕಡೆ ಅಗರದಿಂದಲೂ ಗಾಡಿಗಳು ಬಂದು ಸಾಲಾಗಿ ನಿಲ್ಲುತ್ತಿದ್ದವು. ಒಂದು ವಿಚಿತ್ರ ಕೇಳಿ. ಅವರು ಎತ್ತಿಗೆ ಒಂದು ದಿನವೂ ಹೊಡೆದವರಲ್ಲ. ಗಾಡಿಯವನು ಎತ್ತಿಗೆ ಬಾರುಕೋಲು ಬೀಸಿದರೆ ಅದನ್ನು ಕಿತ್ತುಕೊಂಡು ಅವನಿಗೇ ಎರಡು ಬೀಸುತ್ತಿದ್ದರು. ಮನುಷ್ಯರ ಮೇಲೆ ಮಾತ್ರ ಅವರ ಕೈಗೆ ಹಿಡಿತವಿರಲಿಲ್ಲ. ಅದರಲ್ಲೂ ಚದುರಂಗದ ಹಾಸು ಬಿಚ್ಚಿದರೆ ಅವರ ಸುತ್ತ ಎರಡು ಮಾರು ದೂರದಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ಆಟ ನೋಡಲು ಬಂದವರು ಮರದ ಆ ಕಡೆಯಿಂದ ಇಣುಕುತ್ತಿದ್ದರು.

ಹಾಸು ಎಂದರೆ ಹರಿದ ಟಾರ್ಪಾಲಿನ ತುಂಡು. ಅದರ ಮೇಲೆ ಗಾಡಿಯ ಕೀಲೆಣ್ಣೆಯಲ್ಲಿ ಗೆರೆ ಹೊಡೆದು ಅರವತ್ತನಾಲ್ಕು ಮನೆ. ಕಾಯಿಗಳನ್ನು ಅವರೇ ಎತ್ತಿನ ಕೊಂಬಿನಲ್ಲಿ ಕೊರೆದದ್ದು. ರಾಜನ ತಲೆಗೆ ಕಿರೀಟವೆಂದು ಒಂದು ಲಾಳದ ಮೊಳೆ. ಆಟ ಅವರಿಗೆ ಬಂದದ್ದು ಕೊಯಮತ್ತೂರಿನ ಜೈಲಿನಲ್ಲಿ. ಹರೆಯದಲ್ಲಿ ಯಾರದೋ ದವಡೆ ಮುರಿದು ಆರು ತಿಂಗಳು ಒಳಗಿದ್ದರಂತೆ. ಪಕ್ಕದಲ್ಲಿ ಮಲಗುತ್ತಿದ್ದ ಒಬ್ಬ ವಕೀಲರ ಗುಮಾಸ್ತ, ಸುಳ್ಳು ರುಜು ಹಾಕಿ ಬಂದವನು, ಬೀಡಿ ಕಟ್ಟಿನ ಕಾಗದದ ಮೇಲೆ ಆಟ ಹೇಳಿಕೊಟ್ಟ. ಆದ್ದರಿಂದ ತಾವು ಆಡುವುದು ಸರ್ಕಾರದ ಆಟ, ಉಳಿದವರದು ಹಟ್ಟಿ ಆಟ ಎಂದು ಅವರ ನಂಬಿಕೆ.

ನಾನು ಆಗ ತಾನೆ ಬೋರ್ಡು ಶಾಲೆಗೆ ಮೇಷ್ಟ್ರಾಗಿ ಬಂದಿದ್ದೆ. ಇಪ್ಪತ್ತೆರಡು ವಯಸ್ಸು, ಮೀಸೆಗಿಂತ ಬಾಯಿ ದೊಡ್ಡದು. ಗಾಡಿ ಅಡ್ಡೆಯಲ್ಲಿ ನಿಂತು, ನನಗೂ ಚದುರಂಗ ಬರುತ್ತದೆ ಎಂದುಬಿಟ್ಟೆ. ಬನ್ನಿ ಮೇಷ್ಟ್ರೇ, ದಯಮಾಡಿಸಿ, ಎಂದು ಮಣೆ ಒರೆಸಿ ಕೂರಿಸಿದರು. ಕಾಯಿಗಳನ್ನು ಜೋಡಿಸಿದ್ದೇ ತಡ, ಬಹುವಚನ ಹೋಯಿತು.

"ನಡಿಯ್ಲಾ," ಎಂದರು.

ಅದು ಅವರ ಪದ್ಧತಿ. ಹಾಸಿನ ಮುಂದೆ ಕೂತವನು ಅಮಲ್ದಾರನಾದರೂ ಲೇ, ಎದ್ದ ಮೇಲೆ ಜೀತದವನಾದರೂ ಬನ್ನಿ ಹೋಗಿ. ನಾನು ಐದು ನಡೆಗೆ ಸೋತೆ. ಅದರಲ್ಲಿ ಒಂದು ನಡೆ ಅವರ ಕುದುರೆಯನ್ನು ನನ್ನದೆಂದು ತಿಳಿದು ನಡೆಸಿದ್ದು. ಎರಡನೆಯ ಆಟದಲ್ಲಿ ನನ್ನ ಆನೆಯನ್ನು ನನ್ನದೇ ಕಾಲಾಳುಗಳ ನಡುವೆ ಎಷ್ಟು ಚೆನ್ನಾಗಿ ಬಚ್ಚಿಟ್ಟೆನೆಂದರೆ ಆಟ ಮುಗಿದು ಕಾಯಿ ಚೀಲಕ್ಕೆ ತುಂಬುವಾಗಲೇ ಅದು ಮತ್ತೆ ಕಂಡದ್ದು. ಮೂರನೆಯದರಲ್ಲಿ ನಡೆ ವಾಪಸು ಕೇಳಿದೆ. ಆಗ ಬಿತ್ತು ಮೊದಲನೆಯದು. ಎದುರಿಗಿದ್ದ ಹುಣಸೆಮರ ಎರಡಾಗಿ ಕಾಣಿಸಿತು. ಮರದ ಆ ಕಡೆ ನಮ್ಮ ಶಾಲೆಯ ನಾಲ್ಕನೇ ಕ್ಲಾಸು ಪೂರ್ತಿ ನಿಂತಿತ್ತು. ಮಾರನೇ ದಿನ ಆ ಮಕ್ಕಳು ಕಲಿತಷ್ಟು ವಿನಯವನ್ನು ನಾನು ಯಾವ ಪಾಠದಿಂದಲೂ ಕಲಿಸಿರಲಾರೆ.

ಮತ್ತೆ ಯಾಕೆ ಹೋದೆ ಎಂದು ಅಮ್ಮ ಕೇಳಿದ್ದುಂಟು. ಹೋಗದಿರಲು ಆಗಲಿಲ್ಲ, ಅಷ್ಟೆ. ಆ ಮನುಷ್ಯ ಆಡುವುದನ್ನು ಒಮ್ಮೆ ನೋಡಿದರೆ ಬೇರೆಯವರ ಆಟ ತೊಳೆದ ನೀರಿನ ಹಾಗೆ ಸಪ್ಪೆ ಎನಿಸುತ್ತಿತ್ತು. ಒಂದು ದಿನ ಹಾಸು ಬಿಚ್ಚಲಿಲ್ಲ. ನನ್ನನ್ನು ಒಂದು ಹಳ್ಳಿಕಾರ್ ಎತ್ತಿನ ಹತ್ತಿರ ಕರೆದೊಯ್ದು, ಇದನ್ನು ಬೀಳಿಸು ಎಂದರು. ನಾನು ಪಂಚೆ ಎತ್ತಿ ಕಟ್ಟಿ ತಳ್ಳಿದೆ. ಎತ್ತು ಮೆಲುಕು ಹಾಕುತ್ತಾ ನಿಂತಿತ್ತು. ಇನ್ನೊಮ್ಮೆ ತಳ್ಳಿದೆ. ಅದು ಬಾಲ ಬೀಸಿತು, ನಾನು ಬಿದ್ದೆ. ಅವರು ಎತ್ತಿನ ಕಾಲುಗಳಿಗೆ ಹಗ್ಗ ಸುತ್ತಿ, ಕೊಂಬು ಹಿಡಿದು ಕುತ್ತಿಗೆಯನ್ನು ಸ್ವಲ್ಪ ತಿರುಗಿಸಿ ಹಗ್ಗ ಎಳೆದರು. ಬೆಟ್ಟದಂಥ ಪ್ರಾಣಿ ಉಸ್ಸೆಂದು ತಾನಾಗಿ ಮಲಗಿತು.

"ಎತ್ತ ಬೀಳ್ಸೋನು ತಳ್ಳದಿಲ್ಲ ಕಣ್ಲಾ," ಎಂದರು. "ನಾಕು ಕಾಲೂ ಒಂದೆಡೆಗೆ ಬರಂಗೆ ಮಾಡ್ತಾನೆ. ಆಮೇಕೆ ಅದ್ರ ಭಾರುಕ್ಕೆ ಅದೇ ಬೀಳ್ತದೆ. ನೀನು ಮಂತ್ರೀನ ತಕಂಡು ಬರೀ ತಳ್ತಾ ಇದ್ದೀಯೆ."

ಚದುರಂಗದ ಬಗ್ಗೆ ನಾನು ಕೇಳಿದ ಅತ್ಯುತ್ತಮ ಮಾತು ಇದು. ಹೇಳಿ ಮುಗಿಸಿ, ಅರ್ಥವಾಯಿತೇ ಎಂದು ಕೇಳುವ ಬದಲು ಒಂದು ಕೊಟ್ಟರು.

ಮೆಚ್ಚಿದಾಗಲೂ ಅವರದು ಹೊಡೆತವೇ. ಹನೂರಿನಲ್ಲಿ ಒಬ್ಬ ದಿನಸಿ ಅಂಗಡಿಯವರು ಚೆನ್ನಾಗಿ ಆಡುತ್ತಾರೆಂದು ಯಾರೋ ಹೇಳಿದರು. ಲಾಳದಣ್ಣ ಕೆಲಸ ಬಿಟ್ಟು ಗಾಡಿ ಹತ್ತಿ ಹೋದರು, ನನ್ನನ್ನೂ ಎಳೆದುಕೊಂಡು. ಇಡೀ ಮಧ್ಯಾಹ್ನ ಅಂಗಡಿಯವರ ಬೆನ್ನ ಹಿಂದೆ ಉಸಿರಾಡದೆ ನಿಂತು ನೋಡಿದರು. ಸಂಜೆಯ ಹೊತ್ತಿಗೆ ಅಂಗಡಿಯವರು ತಮ್ಮ ಮಂತ್ರಿಯನ್ನೇ ಬಲಿ ಕೊಟ್ಟು ಒಂದು ಬಡಪಾಯಿ ಕಾಲಾಳಿನಿಂದ ಮಾತು ಹೇಳಿದರು. ರಾಜ ಸಿಕ್ಕಿಬಿದ್ದು ಆಟ ಮುಗಿಯುವುದಕ್ಕೆ ನಮ್ಮಲ್ಲಿ ಮಾತು ಎನ್ನುತ್ತಾರೆ. ಅದನ್ನು ಕಾಲಾಳಿನಿಂದ ಹೇಳುವುದು ದೊಡ್ಡಸ್ತಿಕೆ. ಲಾಳದಣ್ಣನ ಕಣ್ಣಲ್ಲಿ ನೀರು ಬಂತು. ಆನಂದ ತಡೆಯಲಾರದೆ ಅಂಗಡಿಯವರ ಬೆನ್ನಿಗೆ ಒಂದು ಗುದ್ದಿದರು. ಅವರು ಹುಣಸೆಹಣ್ಣಿನ ರಾಶಿಯೊಳಗೆ ಮೂಗು ಮುಳುಗುವಂತೆ ಬಿದ್ದರು. ಎಬ್ಬಿಸಿ ಒರೆಸುವಾಗಲೂ ಇವರು, ಎಂಥಾ ನಡೆ, ಎಂಥಾ ನಡೆ, ಎಂದು ಬೆನ್ನು ತಟ್ಟುತ್ತಲೇ ಇದ್ದರು. ಅಂಗಡಿಯವರು ಆಮೇಲೆ ಚದುರಂಗ ಬಿಟ್ಟು ಭಜನೆಗೆ ಸೇರಿದರೆಂದು ಕೇಳಿದ್ದೇನೆ.

ಇಷ್ಟು ಹೊತ್ತು ನಗಿಸಿದೆ. ನಗು ಬಾರದ ಒಂದು ಸಂಗತಿಯೂ ಇತ್ತು.

ಲಾಳದಣ್ಣನಿಗೆ ಒಬ್ಬಳೇ ತಂಗಿ. ಯಳಂದೂರಿನ ದರ್ಜಿಯೊಬ್ಬರಿಗೆ ಕೊಟ್ಟಿತ್ತು. ಕೊಳ್ಳೇಗಾಲ ಮದ್ರಾಸು ಸರ್ಕಾರದ್ದು, ಯಳಂದೂರು ಮೈಸೂರಿನದು. ನಡುವೆ ಒಂದು ಚೌಕಿ. ಚೌಕಿಯಿಂದ ಆಚೆಗೆ ಕಾನೂನು ಬೇರೆ, ಹೆಂಡದ ನಿಯಮ ಬೇರೆ, ಚದುರಂಗವೂ ಬೇರೆ. ಯಳಂದೂರಿನವರ ಆಟದಲ್ಲಿ ರಾಜನಿಗೆ ಒಂದು ಹಕ್ಕಿದೆ: ಎದುರಾಳಿ ಅವನಿಗೆ ಇನ್ನೂ ಒಮ್ಮೆಯೂ ಷಾ ಕೊಟ್ಟಿಲ್ಲದಿದ್ದರೆ, ಅಂದರೆ ಮುಂದಿನ ನಡೆಗೆ ಹಿಡಿಯುತ್ತೇನೆಂದು ಬೆದರಿಸಿಲ್ಲದಿದ್ದರೆ, ಅವನು ಇಡೀ ಆಟದಲ್ಲಿ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಜೈಲಿನ ಗುಮಾಸ್ತ ಇದನ್ನು ಹೇಳಿಕೊಟ್ಟಿರಲಿಲ್ಲ.

ನಾನು ಈ ಊರಿಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು. ತಂಗಿಯ ಮನೆಯ ಜಗಲಿಯಲ್ಲಿ ಬಾವ, ಬಾಮೈದ ಆಡಲು ಕೂತರು. ಬಾವನ ರಾಜ ಮೂಲೆಗೆ ಸಿಕ್ಕಿದ್ದ. ಇನ್ನೊಂದು ನಡೆಗೆ ಮಾತು ಎನ್ನುವಾಗ ಬಾವ ನಗುತ್ತಾ ರಾಜನನ್ನು ಎತ್ತಿ ಕುದುರೆ ಹಾರಿಸಿದರು. ಲಾಳದಣ್ಣನ ಲೆಕ್ಕದಲ್ಲಿ ಅದು ಹಾಡುಹಗಲಿನ ಕಳ್ಳತನ. ಪಕ್ಕದಲ್ಲಿ ಕೆಲಸದ ಚೀಲವಿತ್ತು. ಸುತ್ತಿಗೆ ಕೈಗೆ ಬಂದದ್ದು ಅವರಿಗೇ ತಿಳಿಯಲಿಲ್ಲವಂತೆ. ರಾಜನ ಮೇಲೆ ಬಾವನ ಕೈ ಇನ್ನೂ ಇತ್ತು. ಬಲಗೈಯ ಎರಡು ಬೆರಳು ಪುಡಿಯಾದವು.

ಕತ್ತರಿ ಹಿಡಿಯುವ ಬೆರಳುಗಳು. ಮೂಳೆ ಕೂಡಿತು, ಸೊಟ್ಟಗೆ ಕೂಡಿತು. ಎಡಗೈಯಲ್ಲಿ ಕತ್ತರಿಸುವುದನ್ನು ಕಲಿಯಲು ಬಾವನಿಗೆ ಎರಡು ವರ್ಷ ಹಿಡಿಯಿತು. ಅಷ್ಟು ದಿನ ತಂಗಿಯೇ ಹೊಲಿದು ಮನೆ ನಡೆಸಿದಳು. ಲಾಳದಣ್ಣ ಆ ದಿನ ಸುತ್ತಿಗೆಯನ್ನು ಜಗಲಿಯಲ್ಲೇ ಬಿಟ್ಟು ಬಂದವರು ಮತ್ತೆ ಯಳಂದೂರಿಗೆ ಕಾಲಿಡಲಿಲ್ಲ. ಇಷ್ಟನ್ನೂ ನನಗೆ ಹೇಳಿದವರು ಬೇರೆಯವರು. ಲಾಳದಣ್ಣನ ಎದುರು ಯಳಂದೂರು ಎಂಬ ಶಬ್ದ ಬಂದರೆ ಹಗ್ಗದ ಗಂಟು ಬಿಚ್ಚಿ ಮತ್ತೆ ಕಟ್ಟುತ್ತಾ ಕೂತುಬಿಡುತ್ತಿದ್ದರು.

ಹೋದ ವರ್ಷ ಬಸ್ಸಿನ ಕಂಡಕ್ಟರನ ಬಾಯಲ್ಲಿ ತಂಗಿ ಹೇಳಿಕಳಿಸಿದಳು. ಮಗಳು ರಾಜಮ್ಮನಿಗೆ ಮದುವೆ ಗೊತ್ತಾಗಿತ್ತು. ಹೆಣ್ಣಿಗೆ ಬಾಸಿಂಗ ಕಟ್ಟಿ, ಕೈಹಿಡಿದು ಹಸೆಗೆ ಕರೆತರಬೇಕಾದವನು ಸೋದರಮಾವ. ಇವರನ್ನು ಬಿಟ್ಟರೆ ಆ ಹುಡುಗಿಗೆ ಸೋದರಮಾವ ಇಲ್ಲ. ಬಾವ ಒಂದು ಷರತ್ತು ಹಾಕಿದ್ದರು: ಅದೇ ಜಗಲಿಯಲ್ಲಿ, ಯಳಂದೂರಿನ ನಿಯಮದಲ್ಲಿ, ಒಂದು ಆಟ ಆಡಬೇಕು. ಗೆಲ್ಲಲಿ ಸೋಲಲಿ, ಯಳಂದೂರಿನಲ್ಲಿ ಇರುವಷ್ಟು ಹೊತ್ತು ಕೈ ಎತ್ತಬಾರದು. ಎತ್ತಿದರೆ ದಾಯಾದಿಯೊಬ್ಬನನ್ನು ಸೋದರಮಾವನ ಜಾಗದಲ್ಲಿ ನಿಲ್ಲಿಸಿ ಮದುವೆ ಮುಗಿಸುತ್ತೇನೆ; ಇವಳಿಗೆ ಅಣ್ಣ ಇರಲಿಲ್ಲ ಎಂದುಕೊಳ್ಳುತ್ತೇವೆ ಎಂದಿದ್ದರು.

ಲಾಳದಣ್ಣ ಎರಡು ದಿನ ಯಾರಿಗೂ ಹೊಡೆಯಲಿಲ್ಲ. ಅಡ್ಡೆಯವರು ಹೆದರಿದರು. ಮೂರನೇ ದಿನ ಶಾಲೆಯ ಬಾಗಿಲಿಗೆ ಬಂದರು, ಕೈಯಲ್ಲಿ ಎತ್ತು ಬೀಳಿಸುವ ಹಗ್ಗ.

"ಮೇಷ್ಟ್ರೇ, ನನ್ ಕೈನ ನಾನೇ ನಂಬಾಕಿಲ್ಲ," ಎಂದರು. "ಇಂದಕ್ಕೆ ಕಟ್ಟಾಕ್ಬುಡಿ. ನಾನು ಬಾಯಲ್ಲಿ ಏಳ್ತೀನಿ, ಕಾಯಿ ನೀವು ನಡೆಸಿ."

ನೋಡಿ, ಲೋಕದಲ್ಲಿ ಎಷ್ಟೋ ಕೈಗಳಿವೆ. ಅವರು ಆರಿಸಿದ್ದು ನನ್ನದನ್ನು.

ಯಳಂದೂರಿನ ಜಗಲಿಯಲ್ಲಿ ಬಾವ ಆಗಲೇ ಚದುರಂಗದ ಮಣೆ ಇಟ್ಟು ಕೂತಿದ್ದರು. ಸಣ್ಣ ಆಳು, ಕೊರಳಲ್ಲಿ ಅಳತೆಯ ಟೇಪು. ಮಣೆಯ ಪಕ್ಕದಲ್ಲಿ ಅದೇ ಸುತ್ತಿಗೆ, ಎಣ್ಣೆ ಸವರಿ ಇಟ್ಟಿತ್ತು. ನಾನು ಲಾಳದಣ್ಣನ ಕೈಗಳನ್ನು ಬೆನ್ನ ಹಿಂದೆ ಕಟ್ಟಿದೆ. ನನ್ನ ಗಂಟು ನೋಡಿ ಅವರೇ ತಲೆಯಾಡಿಸಿದರು. ತಂಗಿ ಬಂದು ಬಿಚ್ಚಿ, ಮತ್ತೆ ಬಿಗಿಯಾಗಿ ಕಟ್ಟಿದಳು. ಅಣ್ಣನ ಮುಖ ನೋಡಲಿಲ್ಲ. ಮದುವೆಗೆಂದು ಕರಿದಿದ್ದ ಕಜ್ಜಾಯ ತಂದು ನನ್ನ ಮುಂದಿಟ್ಟಳು. ನಾನು ಅಲ್ಲಿಗೆ ಬಂದ ಕೆಲಸವನ್ನು ಒಂದು ಕ್ಷಣ ಮರೆತೆ. ನಾಲ್ಕು ಕಜ್ಜಾಯ ತಿಂದು, ಕೈ ತೊಳೆಯದೆ, ಅದೇ ಬೆಲ್ಲದ ಬೆರಳಲ್ಲಿ ರಾಜನನ್ನು ಅವನ ಮನೆಯಲ್ಲಿ ಕೂರಿಸಿದೆ.

ಬಾವನ ಬಾಯಿ ಸುಮ್ಮನಿರಲಿಲ್ಲ. ಜೈಲಿನಲ್ಲಿ ಇದನ್ನು ಹೇಳಿಕೊಡಲಿಲ್ಲವೇ ಬಾಮೈದ ಎನ್ನುವರು, ಹಗ್ಗ ಬಿಗಿಯಾಯಿತೇ ಎನ್ನುವರು. ಒಂದು ಸಲ ಸೊಟ್ಟ ಬೆರಳುಗಳನ್ನು ಇವರ ಮೂಗಿನ ಮುಂದೆ ಹಿಡಿದು, ಇವುಗಳಿಂದಲೇ ನಡೆಸಲೇ ಎಂದರು. ಲಾಳದಣ್ಣನ ಕತ್ತಿನ ನರ ಹಗ್ಗದಷ್ಟೇ ದಪ್ಪವಾಯಿತು. ಬಾಯಲ್ಲಿ ಮಾತ್ರ ಆನೆ ಇಲ್ಲಿ, ಒಂಟೆ ಅಲ್ಲಿ, ಅಷ್ಟೆ. ಬಾವನ ಕಾಯಿಗಳು ಒಂದೊಂದಾಗಿ ಒಂದೇ ಕಡೆಗೆ ಸೇರುತ್ತಿದ್ದವು. ಎತ್ತಿನ ನಾಲ್ಕು ಕಾಲು ಒಂದೆಡೆಗೆ ಬರುತ್ತಿದ್ದುದು ನನಗೂ ಕಂಡಿತು. ಇನ್ನೆರಡು ನಡೆ. ಎತ್ತು ಬೀಳುತ್ತದೆ.

ಆಗ ನಮ್ಮ ರಾಜನ ಕಿರೀಟದ ಮೇಲೆ ಒಂದು ನೊಣ ಬಂದು ಕೂತಿತು.

ನಾನು ಏನೂ ಯೋಚಿಸಲಿಲ್ಲ. ಯೋಚಿಸುವುದು ನನ್ನ ಕೆಲಸವಾಗಿರಲೂ ಇಲ್ಲ. ಬೆರಳಿನಿಂದ ನೊಣವನ್ನು ಚಿಮ್ಮಿದೆ. ರಾಜ ಅಲ್ಲಾಡಿದ.

"ಮುಟ್ಟುದ್ರಿ ಮೇಷ್ಟ್ರೇ," ಎಂದರು ಬಾವ.

"ನೊಣ ಓಡುಸ್ದೆ ಅಷ್ಟೆ."

"ನೊಣ ಕುಂತಿದ್ದು ಯಾರ್ ಮ್ಯಾಲೆ?"

"ರಾಜನ ಮೇಲೆ."

"ಅಂಗಾರೆ ರಾಜ ನಡೀಬೇಕು."

ಮುಟ್ಟಿದ ಕಾಯಿ ನಡೆಯಲೇಬೇಕು; ಇದು ಮಾತ್ರ ಚೌಕಿಯ ಎರಡೂ ಕಡೆ ಒಂದೇ ಕಾನೂನು. ರಾಜ ಒಂದೊಂದೇ ಮನೆ ಸರಿಯುವವನು. ಅವನ ಸುತ್ತ ಖಾಲಿ ಇದ್ದದ್ದು ಒಂದೇ ಮನೆ. ಅಲ್ಲಿಗೆ ಹೋದರೆ ಬಾವನ ಆನೆ ಮರುನಡೆಗೆ ಮಾತು ಹೇಳುತ್ತದೆ. ಗೆದ್ದ ಆಟವನ್ನು ನಾನು ಒಂದು ಬೆರಳಿನಲ್ಲಿ ಕೊಂದಿದ್ದೆ, ಅದೂ ಕಜ್ಜಾಯದ ಬೆರಳಿನಲ್ಲಿ.

ಹಗ್ಗ ಕಿರ್ರೆಂದಿತು. ಲಾಳದಣ್ಣನ ಮಣಿಕಟ್ಟಿನಿಂದ ರಕ್ತ ಹಗ್ಗದ ಎಳೆಗಳಿಗೆ ಇಳಿಯುತ್ತಿತ್ತು. ಅವರು ನನ್ನನ್ನು ನೋಡಿದ ನೋಟಕ್ಕೆ, ದೇವರಾಣೆ, ನನ್ನ ಎಡಗೆನ್ನೆ ತಾನಾಗಿಯೇ ಉರಿಯತೊಡಗಿತು. ತಂಗಿ ಬಾಗಿಲ ಚೌಕಟ್ಟನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದಳು. ಅವಳ ಹಿಂದೆ ಅರಿಶಿನದ ಸೀರೆಯಲ್ಲಿ ರಾಜಮ್ಮ. ಬಾವ ನಿಧಾನವಾಗಿ ಸುತ್ತಿಗೆಯ ಹಿಡಿಯ ಮೇಲೆ ಕೈ ಇಟ್ಟರು.

"ರಾಜನ್ನ ಕುದ್ರೆ ಆರ್ಸಿ ಮೇಷ್ಟ್ರೇ," ಎಂದರು ಲಾಳದಣ್ಣ.

ಹಾಸಿನ ಮುಂದೆ ಅವರು ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಅದನ್ನು ಗಮನಿಸಿ ಆಮೇಲೆ ಉಳಿದದ್ದು ನನಗೆ ಅರ್ಥವಾಯಿತು. ನಮ್ಮ ರಾಜನಿಗೆ ಆ ಆಟದಲ್ಲಿ ಇನ್ನೂ ಯಾರೂ ಷಾ ಕೊಟ್ಟಿರಲಿಲ್ಲ. ಹಕ್ಕು ಉಳಿದಿತ್ತು.

ಬಾವ ಮುಂದಕ್ಕೆ ಬಾಗಿದರು. "ಏನಂದೆ?"

"ಕುದ್ರೆ ನಡೆ. ನಿಮ್ಮೂರ ಆಟದಲ್ಲಿ ಅದು ಸರಿ."

"ಅವತ್ತು?"

ಲಾಳದಣ್ಣ ಮಣೆಯನ್ನೇ ನೋಡುತ್ತಿದ್ದರು. "ಅವತ್ತೂ ಸರಿನೇ ಬಾವ."

ನಾನು ರಾಜನನ್ನು ಹಾರಿಸಿದೆ. ಬಾವ ಮುಂದಿನ ನಡೆ ನಡೆಸಲಿಲ್ಲ. ಕೈ ಬಿಚ್ಚು ಎಂದು ಹೆಂಡತಿಗೆ ಹೇಳಿದರು. ಬಿಚ್ಚಿದಳು. ಲಾಳದಣ್ಣ ಬಲಗೈ ತಂದು, ಕಾಯಿಗಳನ್ನು ಬದಿಗೆ ಸರಿಸಿ, ಮಣೆಯ ನಡುವೆ ಅಂಗಾತ ಇಟ್ಟರು. ಬಾವ ಸುತ್ತಿಗೆ ಎತ್ತಿದರು.

ನಾನು ಕಣ್ಣು ಮುಚ್ಚಿದೆ. ಬಿದ್ದ ಸದ್ದು ಕೇಳಿತು, ಕೂಗೂ ಕೇಳಿತು. ಕೂಗು ನನ್ನದೇ. ಸೊಟ್ಟ ಬೆರಳುಗಳಿಗೆ ಹಿಡಿ ದಕ್ಕದೆ ಸುತ್ತಿಗೆ ಜಾರಿ ನನ್ನ ಕಾಲಿನ ಹೆಬ್ಬೆರಳ ಮೇಲೆ ಬಿದ್ದಿತ್ತು. ಯಾರೂ ನನ್ನ ಕಡೆ ತಿರುಗಲಿಲ್ಲ. ಲಾಳದಣ್ಣ ಬಾವನ ಬೆರಳುಗಳನ್ನು ನೋಡುತ್ತಿದ್ದರು. ಅಷ್ಟು ವರ್ಷ ಆ ಬೆರಳುಗಳನ್ನು ಮುರಿದ ನೆನಪನ್ನು ಹೊತ್ತು ತಿರುಗಿದವರು, ಅವುಗಳಿಂದ ಏನೇನು ಹಿಡಿಯಲಾಗುವುದಿಲ್ಲ ಎಂಬುದನ್ನು ಆ ದಿನ ಕಂಡರು. ಬಗ್ಗಿ ಸುತ್ತಿಗೆ ಎತ್ತಿಕೊಂಡು ಬಾವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಹಿಡಿಯ ಸುತ್ತ ಮಡಚಿದರು.

"ತುದೀಲಿ ಇಡೀರಿ," ಎಂದರು. "ಮಣಿಕಟ್ಟು ಸಡ್ಲ ಬುಡಿ. ಈಗ ಒಡೀರಿ."

ಬಾವ ಹೊಡೆದರು. ಕಿರುಬೆರಳು ಒಣಗಿದ ತೊಗರಿ ಕಡ್ಡಿ ಮುರಿದ ಹಾಗೆ ಸದ್ದು ಮಾಡಿತು. ಲಾಳದಣ್ಣ ಹಲ್ಲು ಕಚ್ಚಿ ಕೂತರು. ಕೈ ಮಣೆಯ ಮೇಲಿಂದ ಒಂದು ಅಂಗುಲ ಏಳಲಿಲ್ಲ. ಬಾವ ಸುತ್ತಿಗೆಯನ್ನು ಅಂಗಳಕ್ಕೆ ಎಸೆದು, ಟೇಪಿನ ತುದಿಯಿಂದ ಕಣ್ಣು ಒರೆಸಿಕೊಂಡರು.

ಬಾಗಿಲಿನಿಂದ ತಂಗಿ ಅಂದಳು: "ಮುಗೀತಾ ಇಬ್ರುದೂ? ಎದ್ದು ಕೈ ತೊಳ್ಕಳಿ. ಮುದ್ದೆ ಆರೋಯ್ತದೆ."

ಊಟವಾಯಿತು. ಅರಿಶಿನ ಮೆತ್ತಿ ಬಟ್ಟೆ ಕಟ್ಟಿದಳು, ಅಣ್ಣನ ಬೆರಳಿಗೂ ನನ್ನ ಹೆಬ್ಬೆರಳಿಗೂ. ಬಸ್ಸಿನಲ್ಲಿ ಲಾಳದಣ್ಣ ಕಿಟಕಿಯ ಕಡೆ ತಿರುಗಿ ಕೂತರು. ನಾನೇ ಧೈರ್ಯ ಮಾಡಿ, ಒಂದು ಲೆಕ್ಕಕ್ಕೆ ನನ್ನ ನೊಣದಿಂದಲೇ ಎಲ್ಲ ಒಳ್ಳೆಯದಾಯಿತು ಅಲ್ಲವೇ ಎಂದೆ. ಚೌಕಿಯಲ್ಲಿ ಬಸ್ಸು ನಿಂತಿತು. ಮದ್ರಾಸಿನಲ್ಲಿ ಹೆಂಡಕ್ಕೆ ನಿಷೇಧ; ಮೈಸೂರಿನ ಕಡೆಯಿಂದ ಯಾರಾದರೂ ತರುತ್ತಿದ್ದಾರೆಯೇ ಎಂದು ಹುಡುಕುವುದಕ್ಕೆ ಎಲ್ಲರನ್ನೂ ಇಳಿಸಿದರು. ಲಾಳದಣ್ಣ ಗಡಿಕಲ್ಲನ್ನು ನೋಡಿದರು, ತಾವು ನಿಂತ ನೆಲವನ್ನು ನೋಡಿದರು, ನನ್ನನ್ನು ಎರಡು ಹೆಜ್ಜೆ ಈ ಕಡೆಗೆ ಎಳೆದುಕೊಂಡರು. ಬಲಗೈಗೆ ಬಟ್ಟೆ ಕಟ್ಟಿತ್ತಲ್ಲ. ಎಡಗೈಯಲ್ಲಿ ಬಿಟ್ಟರು ನೋಡಿ ಒಂದು, ನನ್ನ ಹೊಚ್ಚ ಹೊಸ ಬಲಗೆನ್ನೆಗೆ. ನಾನು ಮದ್ರಾಸು ಸೀಮೆಯ ಧೂಳಿನಲ್ಲಿ ಕೂತಿದ್ದೆ.

"ಕೈ ಎತ್ತಲ್ಲ ಅಂದಿದ್ದು ಯಳಂದೂರಲ್ಲಿ," ಎಂದರು. "ಇದು ಮದ್ರಾಸು ಕಣ್ಲಾ."

ಪೊಲೀಸಿನವನು ಓಡಿ ಬಂದು ಏನೆಂದು ಕೇಳಿದ. ಚದುರಂಗ ಸಾ, ಎಂದೆ. ಅವನು ನನ್ನ ಬಾಯಿ ಮೂಸಿ ನೋಡಿದ.

ಮದುವೆಯಲ್ಲಿ ಸೋದರಮಾವ ಬಾಸಿಂಗ ಕಟ್ಟಿದ್ದು ಒಂಬತ್ತು ಬೆರಳಲ್ಲಿ. ಎಡಗೈಯಲ್ಲಿ ಹುಡುಗಿಯನ್ನು ಹಿಡಿದು ಕರೆತಂದದ್ದಕ್ಕೆ ಯಾರೋ ಮುದುಕಿ ಗೊಣಗಿದಳು. ನಮ್ಮಣ್ಣನ ಕೈ ಯಾವುದಾದರೂ ಆಗುತ್ತದೆ ಎಂದು ತಂಗಿ ಅವಳ ಬಾಯಿ ಮುಚ್ಚಿಸಿದಳು. ಲಾಳದಣ್ಣ ಅಳುತ್ತಿದ್ದರು. ಆ ಸಂತೋಷದಲ್ಲಿ ಮದುಮಗನ ಬೆನ್ನು ತಟ್ಟಲು ಹೋದರು. ನಾವು ನಾಲ್ಕು ಜನ ಹಿಡಿದುಕೊಂಡೆವು.

ಆ ಕಿರುಬೆರಳು ಮಾತ್ರ ಮತ್ತೆ ಸರಿಯಾಗಿ ಮಡಚಲಿಲ್ಲ. ಹೋದ ತಿಂಗಳು ಬಂಡಳ್ಳಿಯ ಒಂದು ಹೋರಿಯನ್ನು ಬೀಳಿಸಿ ಲಾಳ ಕಟ್ಟುತ್ತಿದ್ದಾಗ ಗಂಟು ಜಾರಿತು. ಹೋರಿ ಎದೆಗೆ ಒದೆಯಿತು. ಗಾಡಿಯವನು ಅದಕ್ಕೆ ಕೋಲು ಎತ್ತಿದ್ದನ್ನು ಕಂಡು, ಬಿದ್ದಲ್ಲಿಂದಲೇ ಬೇಡ ಎಂದು ಕೈ ಆಡಿಸಿದರಂತೆ. ಗಂಟು ನಾನೇ ಸಡಿಲ ಹಾಕಿದ್ದು, ಅದರದೇನು ತಪ್ಪು ಎಂದರಂತೆ. ಮೂರು ದಿನ ಇದ್ದರು. ಮೂರನೇ ದಿನ ನನ್ನನ್ನು ಹಾಸಿಗೆಯ ಹತ್ತಿರ ಕರೆದರು. ನಾನು ಕೆನ್ನೆ ಮುಂದೆ ಚಾಚಿಕೊಂಡೇ ಹೋದೆ. ಅವರ ಕೈಗೆ ಆಗಲಿಲ್ಲ.

ಹನ್ನೊಂದನೇ ದಿನದ ಊಟ ಮುಗಿದ ಮೇಲೆ ಬಾವ ನನ್ನನ್ನು ಹುಣಸೆಮರದ ಕೆಳಗೆ ಕರೆದರು. ಟಾರ್ಪಾಲಿನ ಹಾಸು ಬಿಚ್ಚಿ, ಕೊಂಬಿನ ಕಾಯಿಗಳನ್ನು ಎಡಗೈಯಲ್ಲಿ ಒಂದೊಂದಾಗಿ ಇಟ್ಟರು.

"ಆ ಬೆಳ್ಳ ಒಡ್ದವ್ನು ನಾನು ಮೇಷ್ಟ್ರೇ," ಎಂದರು.

ನೊಣ ಓಡಿಸಿದವನು ನಾನು ಎಂದೆ.

ಆಟ ಶುರುವಾಯಿತು. ಊಟದ ಎಲೆಗಳನ್ನು ಅಲ್ಲೇ ಪಕ್ಕಕ್ಕೆ ಎಸೆದಿದ್ದರು. ನನ್ನ ನಡೆ ಬಂದಾಗ ಒಂದು ನೊಣ ಹಾರಿ ಬಂದು ಬಾವನ ರಾಜನ ಮೊಳೆಯ ಮೇಲೆ ಕೂತು ಮುಂಗಾಲು ಉಜ್ಜಿಕೊಳ್ಳತೊಡಗಿತು. ಬಾವ ನನ್ನನ್ನು ನೋಡಿದರು. ನಾನು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡೆ. ಅವರೂ ಕಟ್ಟಿಕೊಂಡರು. ಅದು ತಾನಾಗಿ ಏಳುವವರೆಗೆ ಇಬ್ಬರೂ ಹಾಗೆಯೇ ಕೂತೆವು.